ಅಪ್‌ಡೇಟ್: ಓಡಿದರೆ ಉಬ್ಬಸ ಬರುತ್ತೆ ಅಂತ ಕೇಳಿದ್ದೆನಲ್ಲ

ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಓಡಿ ನಿಲ್ಲಿಸಿದ ಐದು ನಿಮಿಷಕ್ಕೆ ಎದೆ ಬಿಗಿದು ಸುಂಯ್ ಸುಂಯ್ ಅನ್ನುತ್ತೆ, ಓಡೋದನ್ನೇ ಬಿಡಬೇಕಾ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಬಿಟ್ಟಿಲ್ಲ!

ನೀವು ಕೊಟ್ಟ ಸಲಹೆಗಳಲ್ಲಿ ಶುಂಠಿ ಕಷಾಯ ಗಂಟಲಿಗೆ ಹಿತವಾಯ್ತು, ಅಷ್ಟೇ. ಈಜಿಗೂ ಹೋಗಿ ನೋಡಿದೆ. ಅಲ್ಲಿ ತೇವದ ಗಾಳಿ ಒಳ್ಳೇದೇ, ಆದರೆ ಕ್ಲೋರಿನ್ ವಾಸನೆಗೆ ನನಗೆ ಕೆಮ್ಮು ಬಂತು.

ಕೆಲಸಕ್ಕೆ ಬಂದಿದ್ದು "ಡಾಕ್ಟರ ಮುಂದೆ ಒಮ್ಮೆ ಇನ್‌ಹೇಲರ್ ಎಳೆದು ತೋರಿಸಿ" ಅಂದವರ ಮಾತು. ನಾಲ್ಕು ವರ್ಷದಿಂದ ತಪ್ಪಾಗಿ ಎಳೆಯುತ್ತಿದ್ದೆ ನೋಡಿ! ಮೊದಲು ಒತ್ತಿ, ಆಮೇಲೆ ಉಸಿರು ಎಳೆದುಕೊಂಡರೆ ಔಷಧಿಯೆಲ್ಲ ನಾಲಿಗೆ ಮೇಲೇ ಅಲ್ವಾ? ಈಗ ಸ್ಪೇಸರ್ (ಇನ್‌ಹೇಲರ್ ಬಾಯಿಗೆ ಸಿಕ್ಕಿಸೋ ಕೊಳವೆ, ಔಷಧಿ ಅದರಲ್ಲಿ ನಿಂತು ಉಸಿರಿನ ಜೊತೆ ಒಳಗೆ ಹೋಗುತ್ತೆ) ಹಾಕಿಕೊಂಡು, ಡಾಕ್ಟರ್ ಹೇಳಿದ ಹಾಗೆ ಓಡುವ 15 ನಿಮಿಷ ಮೊದಲು ಸಾಲ್ಬುಟಮಾಲ್ (ಉಸಿರಿನ ನಾಳ ಬೇಗ ಸಡಿಲ ಮಾಡೋ ನೀಲಿ ಇನ್‌ಹೇಲರ್) 2 ಪಫ್ ತಗೊಳ್ಳುತ್ತೇನೆ. ದಿನಾ ತಗೊಳ್ಳಬೇಕಾದ ಸ್ಟೆರಾಯ್ಡ್ ಇನ್‌ಹೇಲರನ್ನ ಚೆನ್ನಾಗಿದ್ದೀನಲ್ಲ ಅಂತ ಸುಮ್ನೆ ಬಿಟ್ಟಿದ್ದೆ, ಬೈಸಿಕೊಂಡೆ, ಮತ್ತೆ ಶುರು ಮಾಡಿದ್ದೇನೆ. 10 ನಿಮಿಷ ನಡಿಗೆ, ಮಧ್ಯೆ ಚೂರು ಜೋರು, ಆಮೇಲೆ ಓಟ. ನಿಲ್ಲಿಸುವಾಗಲೂ ನಿಧಾನಕ್ಕೆ. ಚಳಿ ಜಾಸ್ತಿ ಇದ್ದ ದಿನ ಮೂಗು ಬಾಯಿಗೆ ಮಫ್ಲರ್, ನೋಡುವವರು ನಗಲಿ.

ನಿನ್ನೆ 3 ಕಿಲೋಮೀಟರ್ ಓಡಿದೆ. ನೀಲಿ ಇನ್‌ಹೇಲರ್ ಜೇಬಲ್ಲೇ ಇತ್ತು, ಮಧ್ಯೆ ತೆಗೆಯಬೇಕಾಗಲಿಲ್ಲ.