ವಿಸರ್ಜನೆಯ ಪಾಠ: ಉರು ಹೊಡೆಸದೆ ಕಲಿಸುವುದು ಹೇಗೆ?

ಕೋರಿಕೆ: ಪ್ರಥಮ ಪಿಯುಸಿ ತರಗತಿಗೆ ವಿಸರ್ಜನೆಯ, ಅಂದರೆ ಪ್ರಾಣಿಗಳು ದೇಹದ ಸಾರಜನಕಯುಕ್ತ ತ್ಯಾಜ್ಯವನ್ನು ಹೊರಹಾಕುವ ಬಗೆಯ, ಪಾಠ ಮಾಡಬೇಕಾಗಿದೆ. ಮೀನಿಗೆ ಅಮೋನಿಯಾ, ಕಪ್ಪೆಗೆ ಯೂರಿಯಾ, ಹಕ್ಕಿಗೆ ಯೂರಿಕ್ ಆಮ್ಲ ಎಂದು ವಿದ್ಯಾರ್ಥಿಗಳು ಒಪ್ಪಿಸುತ್ತಾರೆ. ಕಾರಣ ಕೇಳಿದರೆ ಸುಮ್ಮನಾಗುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉಪನ್ಯಾಸಕರೊಬ್ಬರು: ಮೇಡಂ, ಪ್ರಾಣಿಗಳ ಪಟ್ಟಿಯನ್ನು ಬದಿಗಿಟ್ಟು ನೀರಿನ ಲೆಕ್ಕದಿಂದ ಆರಂಭಿಸಿ. ಒಂದು ಗ್ರಾಂ ಸಾರಜನಕವನ್ನು ತೀರಾ ವಿಷಕಾರಿಯಾದ ಅಮೋನಿಯಾ ರೂಪದಲ್ಲಿ ಹೊರಹಾಕಲು ಸುಮಾರು 500 ಮಿ.ಲೀ. ನೀರು ಬೇಕು, ಯೂರಿಯಾ ರೂಪದಲ್ಲಾದರೆ 50, ಯೂರಿಕ್ ಆಮ್ಲವಾದರೆ 10 ಮಿ.ಲೀ. ಸಾಕು. ನೀರು ಉಳಿದಷ್ಟೂ ಶಕ್ತಿಯ ಖರ್ಚು ಹೆಚ್ಚುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕು, ಇಲ್ಲವಾದರೆ ಮೀನು ಏಕೆ ಯೂರಿಕ್ ಆಮ್ಲ ತಯಾರಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವೇ ಸಿಗದು. ಬಳಿಕ ಗೊದಮೊಟ್ಟೆಯನ್ನು ಉದಾಹರಿಸಿ: ನೀರಿನಲ್ಲಿರುವಾಗ ಮುಖ್ಯವಾಗಿ ಅಮೋನಿಯಾ ಬಿಡುವ ಅದೇ ಜೀವಿ, ಕಪ್ಪೆಯಾಗಿ ನೆಲಕ್ಕೇರುವ ಹೊತ್ತಿಗೆ ಯೂರಿಯಾಕ್ಕೆ ಬದಲಾಗಿರುತ್ತದೆ.

ಅಕ್ವೇರಿಯಂ ಸಾಕುವವರೊಬ್ಬರು: ಮೀನಿನ ಅಮೋನಿಯಾ ಬಹುಪಾಲು ಹೋಗುವುದು ಮೂತ್ರದಲ್ಲಲ್ಲ, ಕಿವಿರುಗಳ ಮೂಲಕ. ಹೊಸ ತೊಟ್ಟಿಯಲ್ಲಿ ಅದನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ, ಮೀನುಗಳು ತಮ್ಮದೇ ತ್ಯಾಜ್ಯದಿಂದ ಸಾಯುವುದುಂಟು. ಕಾಲೇಜಿನಲ್ಲಿ ತೊಟ್ಟಿಯಿದ್ದರೆ ಅಮೋನಿಯಾ ಪರೀಕ್ಷಿಸುವ ಕಿಟ್ ತರಿಸಿ ತೋರಿಸಿ.

ಕೋಳಿ ಸಾಕಾಣಿಕೆಯವರೊಬ್ಬರು: ಕೋಳಿ ಹಿಕ್ಕೆಯ ಮೇಲಿನ ಬಿಳಿ ಭಾಗವೇ ಯೂರಿಕ್ ಆಮ್ಲ, ಮಲ, ಮೂತ್ರಗಳೆರಡೂ ಒಂದೇ ದ್ವಾರದಿಂದ ಬರುತ್ತವೆ. ನೆಲಕ್ಕೆ ಹಾಸಿದ ಹೊಟ್ಟು ಒಣಗಿರುವವರೆಗೆ ಶೆಡ್‌ನಲ್ಲಿ ಅಷ್ಟಾಗಿ ಘಾಟು ಇರುವುದಿಲ್ಲ. ನೀರಿನ ಪಾತ್ರೆ ಸೋರಿ ಅದು ಒದ್ದೆಯಾಯಿತೆಂದರೆ ಬ್ಯಾಕ್ಟೀರಿಯಾಗಳು ಯೂರಿಕ್ ಆಮ್ಲವನ್ನು ಒಡೆದು ಅಮೋನಿಯಾ ಎಬ್ಬಿಸುತ್ತವೆ, ಕಣ್ಣು ಉರಿಯುತ್ತದೆ. ಮೊಟ್ಟೆಯ ವಿಷಯವನ್ನಂತೂ ಬಿಡಬೇಡಿ. 21 ದಿನ ಚಿಪ್ಪಿನೊಳಗೇ ಇರಬೇಕಾದ ಮರಿ ಅಮೋನಿಯಾ ಬಿಡುವಂತಿದ್ದರೆ ಅದರಲ್ಲೇ ಸಾಯುತ್ತಿತ್ತು. ಯೂರಿಕ್ ಆಮ್ಲ ನೀರಿನಲ್ಲಿ ಕರಗುವುದು ಅತ್ಯಲ್ಪವಾದ್ದರಿಂದ ಒಂದು ಚೀಲದಲ್ಲಿ ಹರಳಾಗಿ, ಮರಿಗೆ ತೊಂದರೆ ಕೊಡದೆ ಉಳಿಯುತ್ತದೆ.

ಉಪನ್ಯಾಸಕರು ಮತ್ತೆ: ಚುರುಕಾದ ವಿದ್ಯಾರ್ಥಿಗಳಿಗೆ ಕೀನ್ಯಾದ ಮಗಾಡಿ ಸರೋವರದ ತಿಲಾಪಿಯಾ ಮೀನನ್ನು ಪ್ರಶ್ನೆಯಾಗಿ ಕೊಡಿ. ಸುತ್ತ ನೀರಿದ್ದರೂ ಅದು ಯೂರಿಯಾವನ್ನೇ ಹೊರಹಾಕುತ್ತದೆ; ಅಲ್ಲಿನ ನೀರಿನ ಪಿಎಚ್ ಸುಮಾರು 10 ಎಂಬ ಸುಳಿವನ್ನಷ್ಟೇ ನೀಡಿ, ಅಷ್ಟು ಕ್ಷಾರೀಯ ನೀರಿಗೆ ಕಿವಿರಿನಿಂದ ಅಮೋನಿಯಾ ಸುಲಭವಾಗಿ ಹೊರಹೋಗದು ಎಂಬುದನ್ನು ಅವರೇ ತರ್ಕಿಸಲಿ.