ಟ್ಯೂಬ್‌ಲೈಟಿನಲ್ಲಿ ತಾಳಮದ್ದಳೆ ವಿಡಿಯೋ: ಮುಖವೆಲ್ಲ ಹಸಿರು, ಮೇಲಿಂದ ಪಟ್ಟೆ ಬೇರೆ

ಚಾವಡಿ ಕ್ಯಾಮೆರಾ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತದೆ. ಈ ಸಲ ನಾನೇ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬೇಕು ಅಂತ ಇದ್ದೇನೆ. ವಯಸ್ಸಾದ ಅರ್ಥಧಾರಿಗಳು ಬರುತ್ತಾರೆ, ಅವರ ಮಾತು ಮುಂದಿನವರಿಗೆ ಸಿಗಬೇಕಲ್ವಾ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಒಂದು ಉಂಟು. ಲೈಟಿಗೆ ಅಂತ ಉಳಿದಿರುವುದು ನಾಲ್ಕು ಸಾವಿರ ಮಾತ್ರ.

ಹೋದ ವಾರ ಚಾವಡಿಯಲ್ಲಿರುವ ಎರಡು ಟ್ಯೂಬ್‌ಲೈಟಿನಲ್ಲೇ ತೆಗೆದು ನೋಡಿದೆ. ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಮೆಲ್ಲಗೆ ಜಾರುತ್ತಾ ಇರುತ್ತವೆ. ಮುಖ ಹಸಿರು ಹಸಿರು. ಭಾಗವತರ ಕೆಂಪು ಮುಂಡಾಸು ಒಣಗಿದ ಅಡಕೆ ಸಿಪ್ಪೆಯ ಬಣ್ಣಕ್ಕೆ ತಿರುಗಿದೆ. ಇನ್ನೂ ನಾಲ್ಕು ಟ್ಯೂಬ್ ಹಾಕಿದರೆ ಸರಿಯಾಗುತ್ತದಾ, ಅಥವಾ ಸುಮ್ನೆ ಎಲ್‌ಇಡಿ ಪ್ಯಾನೆಲ್ ತಗೊಳ್ಳಲಾ?

ಪೆರ್ಲದವ

ಇದೇ ತರದ ಟ್ಯೂಬ್ ಇನ್ನೂ ನಾಲ್ಕು ಹಾಕಿದರೆ ಹಸಿರೇ ಜಾಸ್ತಿ ಆಗುತ್ತದೆ. ದುಡ್ಡು ಬಿಚ್ಚುವ ಮೊದಲು ಶಟರ್, ಅಂದರೆ ಒಂದೊಂದು ಫ್ರೇಮಿಗೆ ಸೆಕೆಂಡಿನ ಎಷ್ಟು ಪಾಲು ಹೊತ್ತು ಬೆಳಕು ಬೀಳುತ್ತದೆ ಅನ್ನುವುದು, ಎಷ್ಟರಲ್ಲಿ ಉಂಟು ನೋಡಿ, ಬಹುಶಃ ಈಗ 1/60ರಲ್ಲಿ ಇದ್ದೀತು. ನಮ್ಮ ಕರೆಂಟ್ 50 ಹರ್ಟ್ಸ್. ಹಳೆ ಚೋಕಿನ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/50 ಇಟ್ಟರೆ ಒಂದೊಂದು ಫ್ರೇಮಿಗೂ ಸರಿಯಾಗಿ ಎರಡು ಮಿನುಗು, 1/100 ಇಟ್ಟರೆ ಒಂದು. 1/60ರಲ್ಲಿ ಲೆಕ್ಕ ಪೂರ್ತಿ ಆಗುವುದಿಲ್ಲ, ಅದಕ್ಕೇ ಪಟ್ಟೆ. ಮೆನುವಿನಲ್ಲಿ ಪಾಲ್ (PAL) ಅಂತ, 50 ಹರ್ಟ್ಸ್ ಕರೆಂಟಿಗೆ ಹೊಂದುವ ವಿಡಿಯೋ ಕ್ರಮ, ಇರುತ್ತದೆ, ಅದಕ್ಕೆ ಹಾಕಿ 25 ಫ್ರೇಮ್, 1/50 ಇಡಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಮದುವೆ ವಿಡಿಯೋ, ಮಂಜೇಶ್ವರ

ಪಟ್ಟೆಗೆ ಪೆರ್ಲದವರು ಹೇಳಿದ್ದೇ ಮದ್ದು. ಹಸಿರಿನ ಕಥೆ ಬೇರೆ, ಅದು ಟ್ಯೂಬಿನೊಳಗಿನದ್ದು. ಪಾದರಸದ ಬೆಳಕಿನಲ್ಲೇ ಒಂದು ಗಟ್ಟಿ ಹಸಿರು ಗೆರೆ ಉಂಟು. ಅಗ್ಗದ ಟ್ಯೂಬಿನ ಒಳಗೆ ಬಳಿದ ಪುಡಿ ಕೆಂಪು ಬೆಳಕನ್ನು ಸಾಕಷ್ಟು ಕೊಡುವುದಿಲ್ಲ, ಹಾಗಾಗಿ ಆ ಹಸಿರೇ ಎದ್ದು ಕಾಣುತ್ತದೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ.

ಟ್ಯೂಬಿನ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಅಂಕಿ ಬರೆದಿರುತ್ತದೆ, ಅಂಗಡಿಯಲ್ಲಿ ಕೈಗೆ ತೆಗೆದುಕೊಂಡು ಓದಿ. 865 ಅಂದರೆ ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನುವ ಅಂಕ, ನೂರಕ್ಕೆ) 80ರ ಮೇಲೆ, ಬೆಳಕಿನ ಬಣ್ಣ 6500 ಕೆಲ್ವಿನ್, ಅಂದರೆ ಕಡುಬಿಳಿ. 965 ಅಂದರೆ ಸಿಆರ್‌ಐ 90ರ ಮೇಲೆ, ಬಣ್ಣ ಅದೇ ಕಡುಬಿಳಿ. 840 ಸ್ವಲ್ಪ ಬೆಚ್ಚಗಿನ ಬಿಳಿ. 9ರಿಂದ ಶುರುವಾಗುವುದು ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ 8ರದ್ದೇ ಸಾಕು, ಆದರೆ ನಾಲ್ಕೂ ಒಂದೇ ಅಂಕಿಯದ್ದು ಇರಲಿ.

ನಾನು ಶುರುವಿನಲ್ಲಿ ಮಾಡಿಕೊಂಡದ್ದು ಹೇಳುತ್ತೇನೆ. ಒಂದು ಪ್ಲೈವುಡ್ ಹಲಗೆಗೆ ಬಿಳಿ ಪೇಂಟ್ ಹೊಡೆದು, ನಾಲ್ಕಡಿಯ 36 ವ್ಯಾಟಿನ ನಾಲ್ಕು ಟ್ಯೂಬ್ ಅಕ್ಕಪಕ್ಕ ಕೂರಿಸಿದೆ. ಮೇಲಿಂದ ಬೆಳಕು ಬಿದ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ, ಅರ್ಥಧಾರಿ ಹುಬ್ಬೇರಿಸಿದ್ದೂ ಕಾಣುವುದಿಲ್ಲ. ಅದಕ್ಕೆ ಹಲಗೆಯನ್ನು ಪಕ್ಕದಲ್ಲಿ, ಮುಖಕ್ಕಿಂತ ಸ್ವಲ್ಪ ಎತ್ತರದಲ್ಲಿ, ನಾಲ್ಕೈದು ಅಡಿ ದೂರದಲ್ಲಿ ನಿಲ್ಲಿಸಿ. ಎದುರು ಬದಿಗೆ ಒಂದು ಥರ್ಮೋಕೋಲ್ ಶೀಟ್, ಬೆಳಕು ಅದಕ್ಕೆ ಬಡಿದು ಮುಖದ ಆ ಕಡೆಗೂ ಬೀಳಲಿ. ಮೇಲಿನ ಹಳೆ ಟ್ಯೂಬ್, ಮೂಲೆಯ ಹಳದಿ ಬಲ್ಬ್ ಎಲ್ಲ ಆರಿಸಿ. ಎದುರಿನ ಕಾಲುದೀಪ ಮಾತ್ರ ಇರಲಿ, ಅದರ ಹಳದಿ ಚೆಂದ.

ಉಪ್ಪಳದ ಎಲೆಕ್ಟ್ರಿಷಿಯನ್

ಚೋಕಿನ ಮಾತು ಯಾರೂ ಎತ್ತಲಿಲ್ಲವಲ್ಲ ಮಾರಾಯ್ರೇ! ಹಳೆ ಚೋಕು ಗುಂಯ್ ಅನ್ನುತ್ತದೆ. ಚೆಂಡೆ ಬಾರಿಸುವಾಗ ಗೊತ್ತಾಗುವುದಿಲ್ಲ, ಆದರೆ ಅರ್ಥ ಹೇಳುತ್ತಾ ಒಬ್ಬರು ಒಂದು ಕ್ಷಣ ನಿಲ್ಲಿಸುತ್ತಾರಲ್ಲ, ಆಗ ಮೈಕಿನಲ್ಲಿ ಅದೇ ತುಂಬಿಕೊಂಡಿರುತ್ತದೆ. ತಾಳಮದ್ದಳೆಗೆ ಮಾತೇ ಜೀವ, ಆ ಮೌನ ಹಾಳಾಗಬಾರದು. ಎಲೆಕ್ಟ್ರಾನಿಕ್ ಚೋಕ್ ಹಾಕಿ, ಒಂದಕ್ಕೆ ಎರಡು ಟ್ಯೂಬ್ ಓಡಿಸುವಂಥದ್ದು ಸಿಗುತ್ತದೆ. ಅದು ಟ್ಯೂಬನ್ನು ಸೆಕೆಂಡಿಗೆ 20 ಸಾವಿರ ಸಲಕ್ಕಿಂತ ಹೆಚ್ಚು ಉರಿಸುತ್ತದೆ, ಒಳ್ಳೆಯ ಚೋಕಿನಲ್ಲಿ ಪಟ್ಟೆಯೂ ಇಲ್ಲ, ಗುಂಯ್ ಸದ್ದೂ ಇಲ್ಲ. ಮೈಕಿನ ವೈರ್ ಚೋಕಿನ ಹತ್ತಿರ ಹಾಯಿಸಬೇಡಿ.

ಇನ್ನೊಂದು. ಪಾದರಸದ ಕಾರಣಕ್ಕೆ ಟ್ಯೂಬ್‌ಲೈಟ್ ತಯಾರಿ, ಆಮದನ್ನು 2027ರ ಕೊನೆಯೊಳಗೆ ನಿಲ್ಲಿಸಬೇಕೆಂದು ಮಿನಾಮಾಟಾ ಒಪ್ಪಂದದ ದೇಶಗಳು 2023ರಲ್ಲಿ ತೀರ್ಮಾನಿಸಿವೆ. ಮನೆಯಲ್ಲಿ ಟ್ಯೂಬ್ ಕೂರಿಸುವ ಪಟ್ಟಿಗಳು ಇದ್ದರೆ ಟ್ಯೂಬ್, ಚೋಕ್ ಬದಲಿಸಿ, ಅದು ಲಾಭ. ಎಲ್ಲವನ್ನೂ ಹೊಸದಾಗಿ ಕೊಳ್ಳುವುದಾದರೆ ಸಿಆರ್‌ಐ 90 ಅಂತ ಬರೆದಿರುವ ಎಲ್‌ಇಡಿ ಪಟ್ಟಿಯೇ ಒಳ್ಳೆಯದು. ಅಗ್ಗದ ಎಲ್‌ಇಡಿಯೂ ಮಿನುಗುತ್ತದೆ, ಹಾಗಾಗಿ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಶಟರ್ 1/500 ಇಟ್ಟು ನೋಡಿ. ಪಟ್ಟೆ ಕಂಡರೆ ವಾಪಸ್ ಕೊಡಿ.

ಮಕ್ಕಳು ಎದುರಲ್ಲೇ ಕೂರುತ್ತಾರೆ, ಹಲಗೆಯನ್ನು ಕಂಬಕ್ಕೆ ಗಟ್ಟಿಯಾಗಿ ಕಟ್ಟಿ. ಟ್ಯೂಬ್ ಒಡೆದರೆ ಕಿಟಕಿ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಿ. ಹಿಡಿಸೂಡಿಯಲ್ಲಿ ಗುಡಿಸಬೇಡಿ, ರಟ್ಟಿನಲ್ಲಿ ಒಟ್ಟು ಮಾಡಿ ತೆಗೆಯಿರಿ.

ಚಾವಡಿ ಕ್ಯಾಮೆರಾ, ಬದಿಯಡ್ಕ

ತುಂಬಾ ಉಪಕಾರ ಆಯಿತು. 1/50 ಇಟ್ಟ ಕೂಡಲೇ ಪಟ್ಟೆ ಹೋಯಿತು! ನಿನ್ನೆ ಕಾಸರಗೋಡಿಗೆ ಹೋಗಿ 865ರ ನಾಲ್ಕು ಟ್ಯೂಬ್, ಎರಡು ಎಲೆಕ್ಟ್ರಾನಿಕ್ ಚೋಕ್ ತಂದೆ, ಹಳೆ ಪಟ್ಟಿಗಳು ಅಟ್ಟದಲ್ಲೇ ಇದ್ದವು. ಮುಂಡಾಸು ಈಗ ಕೆಂಪಾಗಿಯೇ ಕಾಣುತ್ತದೆ. ಮುಖ ಮಾತ್ರ ಯಾಕೋ ಹಳದಿ. ಚಿಕ್ಕಪ್ಪನ ಬಿಳಿ ಪಂಚೆ ತೋರಿಸಿ ವೈಟ್ ಬ್ಯಾಲೆನ್ಸ್ (ಈ ಬೆಳಕಿನಲ್ಲಿ ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ಹೇಳಿಕೊಡುವುದು) ಮಾಡಿದ್ದೆ.

ಪೆರ್ಲದವ

ಪಂಚೆಗೆ ನೀಲಿ ಹಾಕಿರುತ್ತಾರಲ್ಲ, ಅದಕ್ಕೇ. ಆ ನೀಲಿಯನ್ನು ಕ್ಯಾಮೆರಾ ಬಿಳಿ ಅಂದುಕೊಂಡು ಉಳಿದದ್ದನ್ನೆಲ್ಲ ಹಳದಿಗೆ ಎಳೆಯುತ್ತದೆ. ಟ್ಯೂಬ್ ಹಾಕಿ ಹತ್ತು ನಿಮಿಷ ಬಿಡಿ, ಬೆಳಕು ನಿಲುವಿಗೆ ಬರಲಿ. ಆಮೇಲೆ ಪಂಚೆಯ ಬದಲು ಬೂದು ಕಾರ್ಡನ್ನು (ವೈಟ್ ಬ್ಯಾಲೆನ್ಸಿಗೆ ಅಂತಲೇ ಇರುವ, ಬೇರೆ ಬಣ್ಣ ಸೇರದ ಕಾರ್ಡ್) ಅರ್ಥಧಾರಿ ಕೂರುವ ಜಾಗದಲ್ಲೇ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಿ, ಕಾಲುದೀಪ ಹಚ್ಚುವ ಮೊದಲು.