ಎಎಂಬಿಆರ್ ಗುರಿಯ 1932 ಫೋರ್ಡ್ ರೋಡ್‌ಸ್ಟರ್: ಬಣ್ಣಕ್ಕೆ ಮೊದಲು ಏನೇನು ಮುಗಿದಿರಬೇಕು?

ಡ್ಯೂಸ್ ಹುಚ್ಚ:

ಗುರುಗಳೇ, ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋನಲ್ಲಿ ಕೊಡುವ "ಅಮೆರಿಕಾಸ್ ಮೋಸ್ಟ್ ಬ್ಯೂಟಿಫುಲ್ ರೋಡ್‌ಸ್ಟರ್" (ಎಎಂಬಿಆರ್) ಪ್ರಶಸ್ತಿಯ ಮಟ್ಟಕ್ಕೆ ಒಂದು 1932 ಫೋರ್ಡ್ ಕಟ್ಟುವುದಾದರೆ ಕೆಲಸದ ಕ್ರಮ ಹೇಗಿರಬೇಕು? ಹೊಸ ಸ್ಟೀಲ್ ಬಾಡಿ, ಚಾಸಿಸ್ ಇನ್ನೂ ಬರಿ ಲೋಹ, ಫ್ಲಾಟ್‌ಹೆಡ್ ವಿ8 (ಫೋರ್ಡ್‌ನ ಹಳೆಯ ಚಪ್ಪಟೆತಲೆ ಎಂಜಿನ್), ಮುಂದೆ ಡಿಸ್ಕ್, ಹಿಂದೆ ಡ್ರಮ್ ಅಂತ ಇಟ್ಟುಕೊಳ್ಳಿ. ನನ್ನ ಪ್ರಶ್ನೆಗಳು ಇವು:

ಡೋರ್ ಗ್ಯಾಪ್ ಎಷ್ಟಿರಬೇಕು, ಯಾವ ಹಂತದಲ್ಲಿ ಕೂರಿಸಬೇಕು? ಕ್ರೋಮ್‌ಗೆ ಮೊದಲು ಕಳಿಸಬೇಕಾ, ಬಣ್ಣ ಮೊದಲಾ? ಇಂಥ ಕಾರು ನಿಜಕ್ಕೂ ಓಡಬೇಕಾ, ಟ್ರೇಲರ್‌ನಿಂದ ಇಳಿಸಿ ನಿಲ್ಲಿಸಿದರೆ ಸಾಲದಾ? ಕೊನೆಯದು, ಡೆಟ್ರಾಯಿಟ್‌ನ ರಿಡ್ಲರ್ ಪ್ರಶಸ್ತಿಗೂ ಅದೇ ಕಾರನ್ನು ಒಯ್ಯಬಹುದಾ?

ತಗಡು ತಿಮ್ಮ:

ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೀನಿ. ಅದರಲ್ಲಿ ಎಡವಿದರೆ ಸರಿಮಾಡಿಕೊಳ್ಳುವುದಕ್ಕೆ ದಾರಿಯೇ ಇಲ್ಲ.

ರಿಡ್ಲರ್‌ಗೆ ನಿಲ್ಲುವ ಕಾರು ಡೆಟ್ರಾಯಿಟ್‌ನ ಆಟೋರಾಮಾ ಶೋನಲ್ಲೇ ಮೊದಲ ಸಲ ಜನರ ಕಣ್ಣಿಗೆ ಬೀಳಬೇಕು. ನೀವು ಹೇಳಿದ ಗ್ರ್ಯಾಂಡ್ ನ್ಯಾಷನಲ್ ಶೋ ಪೊಮೋನಾದಲ್ಲಿ, ಜನವರಿ ಕೊನೆಗೆ, ಡೆಟ್ರಾಯಿಟ್ ಅದಾದ ಕೆಲವೇ ವಾರಕ್ಕೆ. ಪೊಮೋನಾದಲ್ಲಿ ಒಮ್ಮೆ ನಿಲ್ಲಿಸಿದಿರೋ, ರಿಡ್ಲರ್ ಬಾಗಿಲು ಮುಚ್ಚಿತು. ಎರಡೂ ಬೇಕೆಂದರೆ ಮೊದಲು ಡೆಟ್ರಾಯಿಟ್, ಮುಂದಿನ ಜನವರಿಗೆ ಪೊಮೋನಾ. ಚಿಪ್ ಫೂಸ್ ಕಟ್ಟಿದ 1936 ಫೋರ್ಡ್ "ಇಂಪ್ರೆಷನ್" ಎರಡೂ ಗೆದ್ದಿದೆ. ಆದರೆ ನಡುವಿನ ಅಷ್ಟೂ ತಿಂಗಳು ಕಾರಿಗೆ ಒಂದು ಗೀರೂ ಬೀಳದಂತೆ ಕಾಯಬೇಕು. ಎರಡು ಶೋಗಳ ನಿಯಮಾವಳಿಯನ್ನೂ ಆಯಾ ವರ್ಷದ್ದೇ ತೆಗೆದು ಓದಿ, ಹಳೆಯ ಪ್ರತಿ ನಂಬಬೇಡಿ.

ರೋಡ್‌ಸ್ಟರ್ ಅಂದರೆ ಏನು ಅನ್ನುವುದರಲ್ಲೂ ಬಹಳ ಜನ ಜಾರುತ್ತಾರೆ. ಬರೀ ಟಾಪ್ ಇಲ್ಲದ ಕಾರಲ್ಲ ಅದು. ಡೋರ್ ಒಳಗಿಂದ ಮೇಲೇಳುವ ಗಾಜು ಇದ್ದರೆ ಅದು ಕನ್ವರ್ಟಿಬಲ್ ಅಥವಾ ಕ್ಯಾಬ್ರಿಯೋಲೆ. 1932 ರೋಡ್‌ಸ್ಟರ್ ಬಾಡಿ ಆದರೆ ಆ ತಲೆನೋವಿಲ್ಲ.

ಈಗ ಗ್ಯಾಪ್. ತಿರುಗುವ ಸ್ಟ್ಯಾಂಡ್ ಮೇಲೆ ಬಾಡಿ ಇಟ್ಟು ಗ್ಯಾಪ್ ಕೂರಿಸಿದರೆ ಆ ಕೆಲಸ ವ್ಯರ್ಥ. ಮೇಲ್ಛಾವಣಿ ಇಲ್ಲದ ಬಾಡಿ ಡೋರ್ ಜಾಗದಲ್ಲಿ ಬಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಹಿಂದಿನ ಪೆಟ್ರೋಲ್ ಟ್ಯಾಂಕ್ ಎಲ್ಲ ಕೂತು, ನಾಲ್ಕು ಚಕ್ರ ನೆಲದ ಮೇಲಿದ್ದು, ಬಾಡಿ ಬೋಲ್ಟ್‌ಗಳನ್ನು ಕೊನೆಯ ಬಿಗಿತಕ್ಕೆ ಬಿಗಿದ ಮೇಲೆ ನೋಡಿ. ಡೋರ್‌ನ ಮೇಲ್ತುದಿಯಲ್ಲಿ ಗ್ಯಾಪ್ ಅಗಲ, ಕೆಳಗೆ ಕಿರಿದು ಅಂತಾದರೆ ಬಾಡಿಯ ಎರಡು ತುದಿ ಕೆಳಗಿಳಿದಿವೆ. ತುದಿಗಳ ಮೌಂಟ್‌ಗೆ ಶಿಮ್ (ತೆಳು ತಗಡಿನ ತುಂಡು) ಹಾಕಿ ಎತ್ತಿ, ಇಲ್ಲವೇ ನಡುವಿನದನ್ನು ತೆಗೆಯಿರಿ. ಮೇಲೆ ಬಿಗಿ, ಕೆಳಗೆ ಸಡಿಲವಾದರೆ ಇದರ ಉಲ್ಟಾ. ಒಂದು ಸಲಕ್ಕೆ 1 ಮಿ.ಮೀ. ಶಿಮ್ ಮಾತ್ರ. ಹಾಕಿದ ಮೇಲೆ ಕಾರನ್ನು ಒಂದಷ್ಟು ಉರುಳಿಸಿ, ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅಳೆಯಿರಿ. ಯಾವ ಮೌಂಟ್‌ನಲ್ಲಿ ಎಷ್ಟು ಶಿಮ್ ಅಂತ ಬರೆದಿಡಿ. ಬಣ್ಣ ಆದ ಮೇಲೆ ಆ ಚೀಟಿಯೇ ದೇವರು.

ಅಳತೆಯ ಲೆಕ್ಕ ಹೀಗೆ: ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಸೇರಿ ಶೋ ಕಾರಿನ ಒಂದು ಅಂಚಿಗೆ 0.3ರಿಂದ 0.4 ಮಿ.ಮೀ. ಏರುತ್ತದೆ. ಗ್ಯಾಪ್‌ಗೆ ಎರಡು ಅಂಚು. ಕೊನೆಗೆ 4 ಮಿ.ಮೀ. ಬೇಕಾದರೆ ಬರಿ ಲೋಹದಲ್ಲಿ 4.7 ಹತ್ತಿರ ಬಿಡಿ. ಲೋಹದಲ್ಲೇ 4 ಇಟ್ಟವರಿಗೆ ಮೊದಲ ಸಲ ಡೋರ್ ಹಾಕಿದಾಗಲೇ ಅಂಚಿನ ಬಣ್ಣ ಚಕ್ಕೆ ಏಳಬಹುದು. ಗ್ಯಾಪ್ ಅನ್ನು ಪುಟ್ಟಿ ತುಂಬಿ ಸರಿಮಾಡಬೇಡಿ. ಅಂಚಿಗೆ ತಂತಿ ವೆಲ್ಡ್ ಮಾಡಿ ಫೈಲ್ ಹಿಡಿಯಿರಿ.

1932ರಲ್ಲಿ ಇನ್ನೊಂದು ವಿಶೇಷ: ಚಾಸಿಸ್‌ನ ಪಕ್ಕದ ಹಲಗೆ ಬಾಡಿಯ ಕೆಳಗೆ ಬಯಲಿಗೆ ಕಾಣುತ್ತದೆ, ಅದರ ಮೇಲೆ ಒತ್ತಿದ ಗೆರೆಯೂ ಇದೆ. ಬಾಡಿಗೂ ಚಾಸಿಸ್‌ಗೂ ನಡುವಿನ ಸಂದು ಮುಂದಿನಿಂದ ಹಿಂದಿನವರೆಗೆ ಒಂದೇ ಸಮ ಇಲ್ಲದಿದ್ದರೆ ಹತ್ತು ಅಡಿ ದೂರದಿಂದಲೇ ಗೊತ್ತಾಗುತ್ತದೆ. ಡೋರ್ ನೋಡುವ ಭರದಲ್ಲಿ ಇದನ್ನು ಮರೆಯುತ್ತಾರೆ.

ಚಪ್ಪಟೆತಲೆ:

ತಿಮ್ಮಣ್ಣ ಹೇಳಿದ್ದಕ್ಕೆ ಒಂದು ಸೇರಿಸಬೇಕು: ಬರಿ ಲೋಹದಲ್ಲಿ ಪೂರ್ತಿ ಜೋಡಿಸಿದ ಕಾರನ್ನು ಓಡಿಸಿ. ಬಣ್ಣಕ್ಕೆ ಮೊದಲು ಕನಿಷ್ಠ 100 ಮೈಲಿ ಓಡಬೇಕು ಅನ್ನುವುದು ನನ್ನ ಲೆಕ್ಕ. ಚಕ್ರ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಎಲ್ಲಿ ಉಜ್ಜುತ್ತದೆ, ಎಗ್ಸಾಸ್ಟ್ ಶಾಖ ಯಾವ ವೈರ್‌ಗೆ ತಾಗುತ್ತದೆ, ಎಣ್ಣೆ ಎಲ್ಲಿ ಜಿನುಗುತ್ತದೆ, ಎಲ್ಲ ಅಲ್ಲೇ ಗೊತ್ತಾಗಲಿ. ಬಣ್ಣದ ಚಾಸಿಸ್‌ಗೆ ಆಮೇಲೆ ಒಂದು ಬ್ರ್ಯಾಕೆಟ್ ವೆಲ್ಡ್ ಮಾಡಬೇಕಾಗಿ ಬಂತೋ, ಮುಗಿಯಿತು ಕಥೆ.

ಅಂದಹಾಗೆ, ಓಡದ ಕಾರು ಈ ಪ್ರಶಸ್ತಿಯ ವಂಶಕ್ಕೆ ಸೇರಿದ್ದಲ್ಲ. ಆಗ ಈ ಶೋ ನಡೆಯುತ್ತಿದ್ದ ಓಕ್ಲೆಂಡ್‌ನಲ್ಲಿ 1950ರಲ್ಲಿ ಮೊದಲ ಸಲ ಗೆದ್ದ ಬಿಲ್ ನೀಕ್ಯಾಂಪ್ ಅವರ 1929 ಫೋರ್ಡ್ ಮಾಡೆಲ್ ಎ, ಆಮೇಲೆ ಎಲ್ ಮಿರಾಜ್‌ನ ಒಣ ಕೆರೆಯಂಗಳದಲ್ಲಿ ಗಂಟೆಗೆ 140 ಮೈಲಿ ದಾಟಿದೆ. 1958, 1959 ಎರಡೂ ವರ್ಷ ಗೆದ್ದ, ಜಾರ್ಜ್ ಬ್ಯಾರಿಸ್ ಶಾಪ್‌ನ "ಅಲಾ ಕಾರ್ಟ್" ರೋಡ್‌ಸ್ಟರ್ ಪಿಕಪ್‌ಗೆ ಇದ್ದದ್ದು ಡಾಡ್ಜ್ ಹೆಮಿ ಎಂಜಿನ್. ಫ್ಲಾಟ್‌ಹೆಡ್ ಇದ್ದರೆ ಮಾತ್ರ ಮರ್ಯಾದೆ ಅನ್ನುವ ಮಾತಿಗೆ ಕಿವಿಗೊಡಬೇಡಿ. ಕಾರಿನ ಉಳಿದ ಭಾಗದ ಕಾಲಕ್ಕೆ ಎಂಜಿನ್ ಹೊಂದಬೇಕು, ಅಷ್ಟೆ.

ಆದರೂ ಫ್ಲಾಟ್‌ಹೆಡ್ ಆರಿಸಿದ್ದೀರಿ, ಹಾಗಾದರೆ ಬಿಸಿಯ ವಿಚಾರ ಕೇಳಿ. ಈ ಎಂಜಿನ್‌ನಲ್ಲಿ ಹೊಗೆ ಹೋಗುವ ದಾರಿ ಬ್ಲಾಕ್ ಒಳಗೇ, ನೀರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕೇ ಹೆದ್ದಾರಿಯಲ್ಲಿ ತಣ್ಣಗಿದ್ದದ್ದು ಶೋ ಸಾಲಿನಲ್ಲಿ ಆಮೆ ನಡಿಗೆಯಲ್ಲಿ ಕುದಿಯುತ್ತದೆ. ಬ್ಲಾಕ್ ಒಳಗಿನ ಹಳೆಯ ಎರಕದ ಮರಳು, ತುಕ್ಕು ಪೂರ್ತಿ ಹೊರಹಾಕಿ. ಶ್ರೌಡ್ (ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಸುವ ಸುತ್ತುಗವಸು) ಇಲ್ಲದ ಫ್ಯಾನ್ ನಿಂತ ಕಾರಿನಲ್ಲಿ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ತೆಳ್ಳಗೆ ಕಾಣಲಿ ಅಂತ ರೇಡಿಯೇಟರ್ ದಪ್ಪ ಕಡಿಮೆ ಮಾಡುವ ಆಸೆ ಬಿಡಿ.

ಬ್ರೇಕ್: ಮಾಸ್ಟರ್ ಸಿಲಿಂಡರ್ ನೆಲದ ಹಲಗೆಯ ಕೆಳಗೆ, ಕ್ಯಾಲಿಪರ್‌ಗಿಂತ ಕೆಳಮಟ್ಟದಲ್ಲಿ ಇರುತ್ತದೆ. ಎಣ್ಣೆ ಹಿಂದಕ್ಕೆ ಇಳಿದು ಮೊದಲ ಪೆಡಲ್ ಟೊಳ್ಳು ಹೊಡೆಯುತ್ತದೆ. ಡಿಸ್ಕ್ ಲೈನ್‌ಗೆ 2 ಪಿಎಸ್‌ಐ, ಡ್ರಮ್ ಲೈನ್‌ಗೆ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಲೈನ್‌ನಲ್ಲಿ ಅಷ್ಟು ಒತ್ತಡ ಉಳಿಸುವ ಕವಾಟ) ಹಾಕಿ. ಅದಲುಬದಲು ಮಾಡಿದರೆ ಡಿಸ್ಕ್ ಹಿಡಿದುಕೊಂಡೇ ಇರುತ್ತದೆ, ಪ್ಯಾಡ್ ಸುಡುತ್ತದೆ. ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಪೈಪ್ ಬಳಸುವವರು 37 ಡಿಗ್ರಿ ಸಿಂಗಲ್ ಫ್ಲೇರ್ (ಪೈಪ್ ತುದಿಯನ್ನು ಒಂದೇ ಪದರದಲ್ಲಿ ಅರಳಿಸುವುದು), ಅದಕ್ಕೆ ಹೊಂದುವ ಎಎನ್ ಫಿಟ್ಟಿಂಗ್ ಹಾಕಿ. 45 ಡಿಗ್ರಿ ಡಬಲ್ ಫ್ಲೇರ್‌ಗೆ ಹೋದರೆ ಗಡುಸು ಪೈಪ್ ತುದಿ ಸೀಳುತ್ತದೆ. ಎರಡು ಬಗೆಯನ್ನು ಬೆರೆಸಿದರಂತೂ ಎಷ್ಟು ಬಿಗಿದರೂ ಜಿನುಗುವುದು ನಿಲ್ಲದು.

ನಿಕಲ್ ನಾಗ:

ಕ್ರೋಮ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಕ್ರಮ: ಪೂರ್ತಿ ಜೋಡಣೆ, ಓಡಿಸಿ ನೋಡುವುದು, ಬಿಚ್ಚುವುದು, ಆಮೇಲೆ ಕ್ರೋಮ್‌ಗೂ ಬಣ್ಣಕ್ಕೂ ಒಟ್ಟಿಗೆ ಕಳಿಸುವುದು. ಕಳಿಸುವ ಮುಂಚೆ ಪ್ರತಿ ಭಾಗದ ಫೋಟೊ, ಎಣಿಕೆ. ತೊಟ್ಟಿಯಲ್ಲಿ ಸಣ್ಣ ಭಾಗ ಬಿದ್ದುಹೋಗುವುದು ಹೊಸದೇನಲ್ಲ.

ತಾಮ್ರ, ನಿಕಲ್, ಕ್ರೋಮ್ ಅಂತ ಮೂರು ಪದರ ಏರುವುದರಿಂದ ಥ್ರೆಡ್ ಬಿಗಿಯಾಗುತ್ತದೆ, ಬೇರಿಂಗ್ ಕೂರುವ ರಂಧ್ರ ಕಿರಿದಾಗುತ್ತದೆ. ಕಿಂಗ್‌ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗಲು ಆಧಾರವಾದ ಪಿನ್) ರಂಧ್ರ, ಬೇರಿಂಗ್ ಜಾಗ, ಟೇಪರ್ ಕೂರುವ ಜಾಗ ಎಲ್ಲ ಮುಚ್ಚಿ ಕೊಡಿ. ಮೂರನೇ ಸಲ ಪಾಲಿಶ್‌ಗೆ ಹೋದ ಭಾಗದ ಮೂಲೆಗಳು ಸವೆದು ಸೋಪಿನ ಹಾಗೆ ದುಂಡಗಾಗುತ್ತವೆ. ಬೆಳಕು ಬಿದ್ದಾಗ ಅದು ಕಣ್ಣಿಗೆ ಹೊಡೆಯುತ್ತದೆ.

ಅಪಾಯದ ಮಾತು ಇದು: ಗಡುಸು ಉಕ್ಕು ಆಸಿಡ್ ಮತ್ತು ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಹೀರಿ ಗಾಜಿನಂತೆ ಸುಲಭವಾಗಿ ಒಡೆಯುವಂತಾಗುತ್ತದೆ. ಗ್ರೇಡ್ 8 (ಹೆಚ್ಚು ಬಲದ) ಬೋಲ್ಟ್, ಲೀಫ್ ಸ್ಪ್ರಿಂಗ್ ಎರಡೂ ಈ ಸಾಲಿಗೇ. ಪ್ಲೇಟಿಂಗ್ ಆದ 4 ಗಂಟೆಯೊಳಗೆ ಸುಮಾರು 190–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸದಿದ್ದರೆ, ನೋಡಲು ಚೆನ್ನಾಗಿದ್ದ ಬೋಲ್ಟ್ ಬಿಗಿದ ಮಾರನೇ ದಿನ ತಾನಾಗೇ ತುಂಡಾಗಬಹುದು. ಸ್ಟೀರಿಂಗ್ ಬೋಲ್ಟ್‌ಗಳಿಗೆ ಕ್ರೋಮ್ ಬೇಡವೇ ಬೇಡ. ಸ್ಪ್ರಿಂಗ್‌ಗೆ ಬಣ್ಣ ಸಾಕು. ತೀರ್ಪುಗಾರರು ಕನ್ನಡಿ ಇಟ್ಟು ಕಾರಿನ ಕೆಳಗೆ ನೋಡುತ್ತಾರೆ, ನಿಜ. ಆದರೆ ಅವರಿಗೆ ಬೇಕಾದ್ದು ಒಪ್ಪ, ಎಲ್ಲವೂ ಮಿನುಗುವುದಲ್ಲ.

ವೈರ್ ವೆಂಕಿ:

ಶೋ ಕಾರು ಬಾಗಿಲಲ್ಲೇ ಕೈಕೊಡುವುದಕ್ಕೆ ಮಾಮೂಲಿ ಕಾರಣ ಅರ್ಥ್. ಚಾಸಿಸ್, ಎಂಜಿನ್ ಮೌಂಟ್, ಬಾಡಿ ಎಲ್ಲಕ್ಕೂ ಬಣ್ಣ, ನಡುವೆ ರಬ್ಬರ್. ಕರೆಂಟ್ ವಾಪಸ್ ಬರುವುದು ಎಲ್ಲಿಂದ? ಸ್ಟಾರ್ಟರ್ "ಟಕ್" ಅಂದು ಸುಮ್ಮನಾಗುತ್ತದೆ. ಬ್ಯಾಟರಿಯಿಂದ ನೇರ ಎಂಜಿನ್ ಬ್ಲಾಕ್‌ಗೆ ದಪ್ಪ ಕೇಬಲ್, ಅಲ್ಲಿಂದ ಚಾಸಿಸ್‌ಗೆ ಒಂದು, ಬಾಡಿಗೆ ಒಂದು. ಕೇಬಲ್ ಕೂರುವ ಕಡೆ 25 ಮಿ.ಮೀ. ವೃತ್ತವನ್ನು ಟೇಪ್‌ನಿಂದ ಮುಚ್ಚಿಯೇ ಬಣ್ಣ ಹೊಡೆಸಿ. ಮತ್ತೆ, ಬ್ಯಾಟರಿ ಸ್ವಿಚ್ ಕೈಗೆ ಸಿಗುವಲ್ಲಿರಲಿ. ಒಳಾಂಗಣ ಶೋಗಳಲ್ಲಿ ಬ್ಯಾಟರಿ ಬಿಚ್ಚಿಸುತ್ತಾರೆ, ಪ್ರತಿ ಸಲ ಸೀಟ್ ಎತ್ತುತ್ತಾ ಕೂರಬೇಕಾಗುತ್ತದೆ.

ಡ್ಯೂಸ್ ಹುಚ್ಚ:

ಎಲ್ಲರಿಗೂ ನಮಸ್ಕಾರ. ಒಂದೇ ಅನುಮಾನ: ಕ್ಲಿಯರ್ ಹೊಡೆದ ಮೇಲೆ ಎಷ್ಟು ದಿನಕ್ಕೆ ಕೊನೆಯ ಪಾಲಿಶ್?

ತಗಡು ತಿಮ್ಮ:

ಅವಸರ ಮಾಡಿದರೆ ಕ್ಲಿಯರ್ ಆಮೇಲೆ ಕುಗ್ಗಿ ಕೆಳಗಿನ ಎಮರಿ ಗೀರುಗಳು ಮೇಲೆ ಮೂಡುತ್ತವೆ. ಪಾಲಿಶ್ ಮಾಡಿದ ದಿನ ಕನ್ನಡಿ, ತಿಂಗಳು ಬಿಟ್ಟು ಮಬ್ಬು. ಪ್ರೈಮರ್ ಅನ್ನು 600 ನಂಬರ್ ಎಮರಿವರೆಗೆ ಉದ್ದ ಬ್ಲಾಕ್‌ನಲ್ಲಿ ಉಜ್ಜಿ. ಕ್ಲಿಯರ್ ಪದರಗಳ ನಡುವೆ ತಯಾರಕರು ಹೇಳಿದಷ್ಟು ಹೊತ್ತು ಆರಲು ಬಿಡಿ, ಇಲ್ಲದಿದ್ದರೆ ಒಳಗೆ ಸಿಕ್ಕಿದ ಥಿನ್ನರ್ ಸೂಜಿಮೊನೆ ಗುಳ್ಳೆ ಎಬ್ಬಿಸುತ್ತದೆ. ಆಮೇಲೆ ಕೆಲವು ವಾರ ಮುಟ್ಟಬೇಡಿ. 1000, 1500, 2000, 3000, ಕಾಂಪೌಂಡ್, ಈ ಕ್ರಮ. ಅಂಚಿನಿಂದ 5 ಮಿ.ಮೀ. ಒಳಗೆ ಮೆಷಿನ್ ತರಬೇಡಿ, ಅಲ್ಲಿ ಕೈಯೇ ಸರಿ.

ಜನವರಿ ಶೋ ಅಂದರೆ ಕ್ಲಿಯರ್ ಆಗಸ್ಟ್ ಒಳಗೆ ಮುಗಿದಿರಲಿ. ಮೇಲೆ ಜೋಡಣೆಗೆ ಮೂರು ತಿಂಗಳು ಬೇಕು.